ಎರಡು ಅವರೆಕಾಳು

ಈಗಲೂ ಮನೆಯ ಕರೆಗಂಟೆ ಹೊಡೆದರೆ ನನ್ನ ಕೈ ಮೊದಲು ಹೋಗುವುದು ಒಲೆಯ ಮೇಲಿನ ಪಾತ್ರೆಯ ಮುಚ್ಚಳಕ್ಕೆ. ಸಾರು ಮುಚ್ಚುತ್ತೇನೆ, ಅನ್ನ ಮುಚ್ಚುತ್ತೇನೆ, ಆಮೇಲೆ ಬಾಗಿಲಿಗೆ ಹೋಗುತ್ತೇನೆ. ಬಂದವರು ಗ್ಯಾಸಿನವರೋ ಪಾರ್ಸೆಲ್ಲಿನವರೋ ಆಗಿರುತ್ತಾರೆ. ಮಗಳು ನಗುತ್ತಾಳೆ, ನಿನ್ನ ಸಾರನ್ನು ಯಾರು ಕದಿಯುತ್ತಾರಮ್ಮ ಎಂದು. ನಾನೂ ನಗುತ್ತೇನೆ. ಆದರೆ ಬಾಗಿಲು ತೆರೆಯುವ ಮೊದಲ ಕ್ಷಣದಲ್ಲಿ ಬಂದವರ ಮುಖ ನೋಡುವುದಿಲ್ಲ. ಹೊಸ್ತಿಲು ನೋಡುತ್ತೇನೆ. ಅಲ್ಲಿ ಬೋರಲು ಹಾಕಿದ ವೀಳ್ಯದೆಲೆ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಉಸಿರು ಸರಿಯಾಗುವುದು.

ನಾನು ಹುಟ್ಟಿ ಬೆಳೆದ ಕೊಳ್ಳೇಗಾಲದ ಹೆಂಚಿನ ಮನೆಗೆ ಬರುತ್ತಿದ್ದವರಲ್ಲಿ ಎರಡು ಬಗೆ. ಒಳಗೆ ಬಂದು ಚಾಪೆಯ ಮೇಲೆ ಕೂರುವವರು ನೆಂಟರು. ಹೊಸ್ತಿಲಾಚೆಯೇ ನಿಂತು, ಒಂದು ವೀಳ್ಯದೆಲೆಯನ್ನು ಬೋರಲು ಇಟ್ಟು, ಏನೂ ಹೇಳದೆ ಕಾಯುವವರು ಅವ್ವನನ್ನು ಕರೆಯಲು ಬಂದವರು. ನಮ್ಮವ್ವ ಮಾದಮ್ಮ ಸಾವಿನ ಮನೆಯಲ್ಲಿ ಹಾಡುವವಳು. ಎಲೆ ಕಂಡ ಕೂಡಲೇ ಒಲೆಯ ಮೇಲಿನದನ್ನೆಲ್ಲ ಮುಚ್ಚಬೇಕು. ಮುಚ್ಚದಿದ್ದ ಅಡುಗೆಯನ್ನು ಆಮೇಲೆ ಯಾರೂ ಉಣ್ಣುವಂತಿಲ್ಲ. ಅವ್ವ ತಲೆಗೂದಲು ಗಂಟು ಹಾಕಿಕೊಂಡು, ಹಣೆಯ ಕುಂಕುಮವನ್ನು ಅಂಗೈಯಿಂದ ಒಂದಿಷ್ಟು ಒರೆಸಿಕೊಂಡು, ಹೊಸ್ತಿಲ ಈಚೆ ಕೂರುತ್ತಿದ್ದಳು. ವಾಪಸು ಬಂದರೆ ಹಿತ್ತಲಿನ ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುವವರೆಗೆ ಮಾತಿಲ್ಲ, ನನ್ನನ್ನು ಮುಟ್ಟುವಂತಿಲ್ಲ. ಬಚ್ಚಲ ತಡಿಕೆಯ ಸಂದಿಯಿಂದ ನಾನು ಅವಳ ಕಾಲು ನೋಡುತ್ತ ನಿಲ್ಲುತ್ತಿದ್ದೆ. ಹಿಮ್ಮಡಿಗೆ ಮೆತ್ತಿದ ಬೇರೆ ಊರಿನ ಮಣ್ಣು ಕೊಚ್ಚಿ ಹೋಗುವಾಗ ಒಂದೊಂದು ಸಲ ಕೆಂಪಗಿರುತ್ತಿತ್ತು, ಒಂದೊಂದು ಸಲ ಕಪ್ಪಗೆ. ಅದು ಪೂರ್ತಿ ಹೋಗುವವರೆಗೆ ಅವಳು ನನ್ನ ಅವ್ವನಲ್ಲ ಎಂಬ ಅಂಜಿಕೆ ನನಗೆ.

ಯಳಂದೂರು ಕಡೆಯ ಅಗರ ಅವಳ ತವರು. ಅವಳ ಸೋದರತ್ತೆ ಈ ಪದಗಳನ್ನು ಹಾಡುತ್ತಿದ್ದವಳು. ಒಂದು ಸಾವಿನಲ್ಲಿ ಹಾಡುತ್ತಿದ್ದಂತೆ ಆಕೆಯ ಗಂಟಲು ಕಟ್ಟಿತಂತೆ. ಹಿಂದೆ ಕೂತಿದ್ದ ಹನ್ನೆರಡು ವರ್ಷದ ಅವ್ವ ಯಾರೂ ಹೇಳದೆಯೇ ಆ ಸಾಲನ್ನು ಎತ್ತಿಕೊಂಡಳಂತೆ. ಅಂದು ಎತ್ತಿಕೊಂಡದ್ದನ್ನು ಮತ್ತೆ ಇಳಿಸಲಿಲ್ಲ. ನಾನು ಕಣ್ಣು ಬಿಡುವ ಹೊತ್ತಿಗೆ ಯಳಂದೂರಿನಿಂದ ಹನೂರಿನಾಚೆಯವರೆಗೆ, ಹೆಣ ಎತ್ತುವ ಮುನ್ನ ಹಿರಿಯರು ಕೇಳುತ್ತಿದ್ದ ಮಾತು ಒಂದೇ, “ಮಾದಮ್ಮ ಬಂದ್ಲಾ?” ವಾದ್ಯವಿಲ್ಲ, ತಾಳವಿಲ್ಲ. ಎಡಗೈಯನ್ನು ಕಿವಿಗೆ ಆನಿಸಿಕೊಂಡು, ತೀರಾ ಕೆಳಗಿನ ದನಿಯಲ್ಲಿ, ಪಕ್ಕದಲ್ಲಿ ಕೂತವರಿಗೆ ಏನೋ ಹೇಳುತ್ತಿದ್ದಾಳೆ ಎನ್ನುವ ಹಾಗೆ ಶುರು ಮಾಡುತ್ತಿದ್ದಳು. ದನಿ ಏರುತ್ತಿದ್ದದ್ದು ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ, ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಗಂಡಸೂ ಬಾಯಿಗೆ ಟವೆಲ್ಲು ತುರುಕಿಕೊಂಡಿರುತ್ತಿದ್ದ. ಅವಳ ಕಣ್ಣಲ್ಲಿ ಮಾತ್ರ ಹನಿ ಇರುತ್ತಿರಲಿಲ್ಲ. ನೀನು ಯಾಕವ್ವ ಅಳಲ್ಲ ಎಂದು ಒಮ್ಮೆ ಕೇಳಿದ್ದೆ.

“ಆಡೋಳೇ ಅತ್ಬುಟ್ರೆ, ಅಳೋಕೆ ಬಂದೋರು ಎಲ್ಲಿಗೋಗ್ಬೇಕು ಕೂಸೇ?”

ಕೂಸೇ. ಅವಳು ನನ್ನನ್ನು ಕರೆದದ್ದು ಹಾಗೆಯೇ. ಜಯಲಕ್ಷ್ಮಿ ಎಂದು ಅಪ್ಪ ಇಟ್ಟ ಹೆಸರು ಅವ್ವನ ಬಾಯಲ್ಲಿ ಎಂದೂ ಬರಲಿಲ್ಲ. ಹೋದವರ ಹೆಸರು ಹಿಡಿದು ಕರೆಯುವ ಬಾಯಿ ಅದು; ಹಾಡಿನಾಚೆಗೆ ಆ ಬಾಯಲ್ಲಿ ಮಕ್ಕಳ ಹೆಸರು ಬರಬಾರದು ಎಂದು ಅವಳೇ ಹಾಕಿಕೊಂಡ ಕಟ್ಟು. ಬೀದಿಯ ಮಕ್ಕಳೆಲ್ಲ ಅವಳ ಪಾಲಿಗೆ ನೀಲಿ ಲಂಗದೋಳು, ಮೂಗು ಸೋರೋನು, ಮೂಲೆಮನೆಯ ಎರಡನೇದು. ಮನೆಯೊಳಗೆ ಅವಳು ಹಾಡುತ್ತಲೂ ಇರಲಿಲ್ಲ. ನನ್ನ ತೊಟ್ಟಿಲು ತೂಗಿದ್ದು ಬರಿಯ ‘ಹೂಂ ಹೂಂ’ ಎಂಬ ಗುನುಗಿನಲ್ಲಂತೆ. ಊರೂರಿನವರು ಕಾದು ಕೂರುತ್ತಿದ್ದ ಆ ಕಂಠ ನಮ್ಮ ಮನೆಯಲ್ಲಿ ಉಪ್ಪು ಎಲ್ಲಿ, ಸೌದೆ ಹಸಿ ಅದೆ ಎನ್ನುವುದಕ್ಕಷ್ಟೇ ಬಳಕೆಯಾಗುತ್ತಿತ್ತು.

ಅಪ್ಪ ರೇಷ್ಮೆ ಬಿಚ್ಚುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ದಿನವಿಡೀ ಬಿಸಿನೀರಲ್ಲಿ ಗೂಡು ಕೆದಕಿ ಅವರ ಬೆರಳ ತುದಿಗಳು ಬಿಳಿಚಿ, ಸುಕ್ಕುಗಟ್ಟಿ, ಯಾವಾಗಲೂ ಈಗಷ್ಟೇ ಸ್ನಾನ ಮಾಡಿ ಬಂದವರ ಹಾಗಿರುತ್ತಿದ್ದವು. ಬೆಂದ ಹುಳುವಿನ ವಾಸನೆ ಅಂಗಿ ಬಿಟ್ಟು ಹೋಗುತ್ತಿರಲಿಲ್ಲ. ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದು ಅವರ ಹಟ. ಅವ್ವನ ಹಾಡಿನ ಮೇಲೆ ಅವರಿಗೆ ಇದ್ದ ಸಿಟ್ಟೆಲ್ಲ ಊಟದ ಹೊತ್ತಿಗೆ ಹೊರಗೆ ಬರುತ್ತಿತ್ತು.

“ಮಗ್ಳು ಇಂಗ್ಲಿಷು ಓದ್ತಾವ್ಳೆ. ಅವ್ವ ಸಾವಿನ ಮನೆ ಸುತ್ತಾವ್ಳೆ. ನಾಳಿಕ್ಕೆ ಸಿಸ್ಟರ್‌ಗೆ ಗೊತ್ತಾದ್ರೆ ಏನಮ್ಮಿ ಯೋಳ್ತೀಯ?”

“ಯಾಕೆ, ಇಂಗ್ಲಿಷ್ನೋರು ಸಾಯಾಕಿಲ್ವಾ?”

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ನಾನು ತಟ್ಟೆಯ ಅಂಚಿನ ಗೆರೆ ಎಣಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಅಪ್ಪನ ಕಡೆ. ಕಾನ್ವೆಂಟಿನಲ್ಲಿ ನಿಮ್ಮಮ್ಮ ಏನು ಮಾಡುತ್ತಾರೆ ಎಂದು ಕೇಳಿದವರಿಗೆ ‘ಮನೇಲಿರ್ತಾರೆ’ ಎಂದು ಹೇಳಿದ್ದೆ. ಶಾಲೆಯ ಗೇಟಿನಲ್ಲಿ ಯಾರಾದರೂ ಎಲೆ ಹಿಡಿದು ನಿಂತಿರುತ್ತಾರೇನೋ ಎಂದು ಸಂಜೆ ಗಂಟೆ ಹೊಡೆದ ಮೇಲೂ ಎಲ್ಲರೂ ಹೋಗುವವರೆಗೆ ತರಗತಿಯಲ್ಲೇ ಉಳಿಯುತ್ತಿದ್ದೆ.

ಅವ್ವನ ಹಾಡಿನಲ್ಲಿ ಎರಡು ಭಾಗ. ಮೊದಲು, ಆ ಮನೆಯಿಂದ ಹಿಂದೆ ತೀರಿಹೋದವರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬೇಕು, ಈಗ ಹೊರಟ ಜೀವದ ಕೈಹಿಡಿಯಿರಿ ಎಂದು. ಆಮೇಲೆ ಇರುವವರ ಹೆಸರು ಹೇಳಿ, ನೀವು ಇಲ್ಲೇ ಇರಿ ಎಂದು ನಿಲ್ಲಿಸಬೇಕು. ಒಂದು ಹೆಸರೂ ಬಿಡುವಂತಿಲ್ಲ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕರೆಯಲು ಬಂದವರು ಹೊಸ್ತಿಲಾಚೆ ನಿಂತು ಹೆಸರು ಹೇಳುತ್ತಿದ್ದ ಹಾಗೆ, ಹೋದವರೊಬ್ಬರಿಗೆ ಒಂದು ಹುಣಸೆ ಬೀಜ, ಇರುವವರೊಬ್ಬರಿಗೆ ಒಂದು ಒಣ ಅವರೆಕಾಳು ತೆಗೆದು, ಹೆಸರನ್ನು ಮೂರು ಸಲ ಒಳಗೇ ಹೇಳಿಕೊಂಡು ಸೆರಗಿನ ಎರಡು ತುದಿಗಳಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು. ಹಾಡುವಾಗ ಒಂದೊಂದು ಹೆಸರಿಗೆ ಒಂದೊಂದನ್ನು ಬೆರಳಲ್ಲಿ ತಿಕ್ಕಿ ನೆಲಕ್ಕೆ ಬಿಡುತ್ತಿದ್ದಳು. ಗಂಟು ಖಾಲಿಯಾದರೆ ಹಾಡು ಮುಗಿಯಿತು. ಇದಕ್ಕೆ ತುಂಬ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಆ ಮಂದಿ ನಮ್ಮ ಬಾಗಿಲಲ್ಲಿ, ಬೀದಿಗೆ ಕಾಣುವಂತೆ ನಿಂತಿರುತ್ತಿದ್ದರು. ಅವರು ಬೇಗ ಹೊರಡಲಿ ಎನ್ನುವುದೇ ನನ್ನ ಯೋಚನೆ. ಅದಕ್ಕೇ ಒಂದು ದಿನ ಹೇಳಿದೆ, ಬರೆದುಕೊಂಡರೆ ಮರೆಯುವುದಿಲ್ಲ, ನಾನು ಬರೆದುಕೊಡುತ್ತೇನೆ ಎಂದು.

ಕಂದು ಕಾಗದದ ಹೊದಿಕೆ ಹಾಕಿದ ನೋಟ್‌ಬುಕ್ಕು. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ. ಎಡಕ್ಕೆ ಹೋದವರು, ಬಲಕ್ಕೆ ಇರುವವರು. ಶಾಲೆಗೆ ರಜೆಯಿದ್ದ ದಿನ ಅವ್ವನ ಜೊತೆ ಬಸ್ಸಿನಲ್ಲಿ ಹೋಗುವುದು, ದಾರಿಯಲ್ಲಿ ಮೂರು ಸಲ ಓದಿ ಹೇಳುವುದು. ಶಾಲೆ ಇದ್ದರೆ ಹೊರಡುವ ಮೊದಲೇ ಮನೆಯಲ್ಲಿ ಓದಿ ಹೇಳುವುದು. ಅವ್ವ ಆ ಪುಸ್ತಕ ಮುಟ್ಟುವ ಮುನ್ನ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಮೊದಮೊದಲು ಗಂಟನ್ನೂ ಕಟ್ಟುತ್ತಿದ್ದಳು. ನಾಲ್ಕೈದು ಸಾವುಗಳಲ್ಲಿ ನನ್ನ ಪಟ್ಟಿ ಒಂದು ಹೆಸರೂ ತಪ್ಪಲಿಲ್ಲ. ಆಮೇಲೆ ಒಂದು ದಿನ ಬೀಜದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು.

“ಸೆರಗು ಅಗುರಾಯ್ತು ಕೂಸೇ,” ಎಂದು ಸೆರಗನ್ನು ಒಮ್ಮೆ ಗಾಳಿಗೆ ಬೀಸಿ ತೋರಿಸಿದಳು.

ಸತ್ತೇಗಾಲದಿಂದ ಸಿದ್ದಮ್ಮ ಎಂಬಾಕೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅವಳ ಅತ್ತೆ ತೀರಿಕೊಂಡಿದ್ದರು. ದೊಡ್ಡ ಮನೆತನ, ಹೆಸರುಗಳು ಮುಗಿಯುತ್ತಲೇ ಇರಲಿಲ್ಲ. ಮೊಮ್ಮಕ್ಕಳ ಸಾಲಿಗೆ ಬಲಗಡೆಯ ಗೆರೆಗಳೆಲ್ಲ ತುಂಬಿಹೋದವು. ಎಡಗಡೆ ಕೆಳಗೆ ಎರಡು ಗೆರೆ ಖಾಲಿ ಉಳಿದಿತ್ತು. ಸಿದ್ದಮ್ಮ ಹೊರಟವಳು ಮೆಟ್ಟಿಲಿಳಿದು ತಿರುಗಿ ನಿಂತಳು.

“ಅಯ್ಯೋ ನನ್ ಬಾಯಿಗಿಷ್ಟು! ನಮ್ ಮೈದ್ನನ್ನೇ ಮರ್ತಿದ್ದೆ. ಶಿವಮಲ್ಲು ಅಂತ. ಹೂಗ್ಯಂನಲ್ಲವ್ನೆ, ಎಂಡ್ರ ಊರಲ್ಲಿ. ಸುದ್ದಿ ಕಳ್ಸೀವಿ, ಬತ್ತಾವ್ನೆ. ಬರ್ಕಳವ್ವ ಕೂಸೇ.”

ಒಂದು ಹಾಳೆ ಪೂರ್ತಿ ತುಂಬದೆ ಇನ್ನೊಂದು ಹಾಳೆ ಮುಟ್ಟಬಾರದು ಎಂಬುದು ನಮ್ಮ ಸಿಸ್ಟರ್ ಕಲಿಸಿದ ಶಿಸ್ತು. ಎಡಗಡೆ ಜಾಗ ಇದೆಯಲ್ಲ ಎಂದು ಶಿವಮಲ್ಲು ಹೆಸರನ್ನು ಅಲ್ಲೇ ಕೊನೆಯ ಗೆರೆಯಲ್ಲಿ ಬರೆದು, ಬಲಕ್ಕೆ ಸೇರಿಸಬೇಕು ಎಂದು ಪೆನ್ಸಿಲಿನಲ್ಲಿ ಸಣ್ಣ ಬಾಣ ಹಾಕಿದೆ. ಬಾಣ ನನಗೆ ಗೊತ್ತಿತ್ತಲ್ಲ, ಸಾಕೆನಿಸಿತು.

ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ನನ್ನ ತರಗತಿಯ ಶೀಲಾ ಅವಳಮ್ಮನ ಜೊತೆ ಕೂತಿದ್ದಳು. ಹೊಳೆ ನೋಡಲು ಹೊರಟಿದ್ದರೋ ಏನೋ, ಬುಟ್ಟಿಯಲ್ಲಿ ತಿಂಡಿಯ ಡಬ್ಬಿ, ಶೀಲಾಳ ತಲೆಯಲ್ಲಿ ಹಳದಿ ರಿಬ್ಬನ್ನು. ಅವಳು ತಿರುಗಿ ನನ್ನನ್ನು ನೋಡಿ ನಕ್ಕಳು. ಆಮೇಲೆ ಅವಳಮ್ಮ ತಿರುಗಿದರು, ನನ್ನನ್ನು ನೋಡಿದರು, ಕುಂಕುಮ ಒರೆಸಿಕೊಂಡ ಅವ್ವನ ಹಣೆ ನೋಡಿದರು. ಅವ್ವ ಮೊಣಕೈಯಿಂದ ತಿವಿದಳು, ಓದು ಎಂದು. ನಾನು ನೋಟ್‌ಬುಕ್ಕನ್ನು ಮಡಿಲಲ್ಲೇ ಅರ್ಧ ತೆರೆದು, ತಲೆ ಬಗ್ಗಿಸಿ, ತುಟಿಯಲ್ಲೇ, ಒಂದೇ ಉಸಿರಿಗೆ ಓದಿದೆ. ಎಡಗಡೆ ಮೇಲಿನಿಂದ ಕೆಳಗೆ. ಬಲಗಡೆ ಮೇಲಿನಿಂದ ಕೆಳಗೆ. ಮುಚ್ಚಿದೆ. ಬಾಣದ ನೆನಪೇ ಆಗಲಿಲ್ಲ. ಶೀಲಾಳ ರಿಬ್ಬನ್ನಿನ ಅಂಚಿಗೆ ಹಾಕಿದ್ದ ಬಿಳಿ ಹೊಲಿಗೆ ಮಾತ್ರ ಈಗಲೂ ಕಣ್ಣಲ್ಲಿದೆ.

“ಇನ್ನೊಂದ್ಸಲ ಓದು.”

“ಅಷ್ಟೇ ಅವ್ವ, ಸಾಕು.”

ಅವ್ವ ಕಣ್ಣು ಮುಚ್ಚಿಕೊಂಡು ಹೆಸರುಗಳನ್ನು ಒಳಗೇ ಜೋಡಿಸಿಕೊಳ್ಳತೊಡಗಿದಳು. ಒಂದು ಕಡೆ ಅವಳ ಹುಬ್ಬು ಗಂಟಾಯಿತು. ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು. ಮತ್ತೆ ಮುಚ್ಚಿಕೊಂಡಳು.

ಸತ್ತೇಗಾಲದಲ್ಲಿ ಮನೆ ಮುಂದೆ ತೆಂಗಿನ ಗರಿಯ ಚಪ್ಪರ. ತೀರಿಕೊಂಡ ಅಜ್ಜಿಯನ್ನು ಕೂರಿಸಿದ್ದರು. ಹೆಣ ಎತ್ತುವುದಕ್ಕೆ ಹೂಗ್ಯಂನಿಂದ ಕಿರಿಮಗ ಬರುವುದನ್ನೇ ಕಾಯುತ್ತಿದ್ದರು. ಮಧ್ಯಾಹ್ನದ ಬಿಸಿಲು ಗರಿಯ ಸಂದಿಯಿಂದ ಅಜ್ಜಿಯ ಮೊಣಕಾಲ ಮೇಲೆ ಬೀಳುತ್ತಿತ್ತು. ಯಾರೋ ಹೆಂಗಸು ಆಗಾಗ ಸೆರಗಿನಿಂದ ಆ ಬಿಸಿಲಿಗೆ ಮರೆ ಮಾಡುತ್ತಿದ್ದಳು. ಅವ್ವ ಶುರು ಮಾಡಿದಳು.

ಮುಂದೆ ಹೋದೋರೆ ಹಿಂದಕ್ಕೆ ತಿರುಗಿ
ಒಬ್ಬಳೆ ಬತ್ತಾವ್ಳೆ, ದಾರೀಯ ಕಾಣಳು
ಕೈಯೊಂದ ಕೊಡಿರಯ್ಯ, ಕೈಯೊಂದ ಕೊಡಿರೋ

ಗಂಡನನ್ನು ಕರೆದಳು. ಅಣ್ಣಂದಿರನ್ನು ಕರೆದಳು. ಎಳೆಯದರಲ್ಲೇ ಹೋದ ಮಗಳನ್ನು ಕರೆದಾಗ ಸಿದ್ದಮ್ಮ ಎದೆ ಬಡಿದುಕೊಂಡಳು. ಆಮೇಲೆ ಅದೇ ದನಿಯಲ್ಲಿ, ಅದೇ ಏರಿಕೆಯಲ್ಲಿ, ‘ಮಗನೇ ಶಿವಮಲ್ಲು, ಅವ್ವ ಬತ್ತಾವ್ಳೆ, ಕೈಯ ಕೊಡೊ’ ಎಂದಳು.

ಸಿದ್ದಮ್ಮನ ಕೈ ಎದೆಯ ಮೇಲೆಯೇ ನಿಂತಿತು. ಅಳು ಎಲ್ಲ ಕಡೆಯಿಂದ ಒಟ್ಟಿಗೆ ನಿಂತಿತು. ಬಾಳೆಯ ತೋಟದಲ್ಲಿ ಎಲ್ಲೋ ಪಂಪ್‌ಸೆಟ್ಟು ಓಡುತ್ತಿದ್ದದ್ದು ಆಗ ಕೇಳಿಸಿತು. ನನ್ನ ಕೈಯಲ್ಲಿದ್ದ ನೋಟ್‌ಬುಕ್ಕಿನೊಳಗಿನ ಆ ಬಾಣ ಸೂಜಿಯ ಹಾಗೆ ಚುಚ್ಚಿತು.

“ಏನಂದ್ಯಮ್ಮ?” ಎಂದು ಮೂಲೆಯಲ್ಲಿದ್ದ ಮುದುಕನೊಬ್ಬ ಎದ್ದ. “ಅವ್ನು ಬಸ್ಸಲ್ಲವ್ನೆ ಕಣಮ್ಮ! ನಿಂಗ್ಯಾರು ಯೋಳಿದ್ರು? ಏನಾರ ಸುದ್ದಿ ಬಂತಾ? ಲೇ, ಬಸ್‌ಸ್ಟ್ಯಾಂಡಿಗೆ ಓಗ್ರಲಾ ಯಾರಾರ!”

ಇಬ್ಬರು ಓಡಿದರು. ಅವ್ವ ಕಿವಿಗೆ ಆನಿಸಿದ್ದ ಕೈಯನ್ನು ಇಳಿಸಲಿಲ್ಲ. ಅವಳು ನನ್ನ ಕಡೆ ತಿರುಗುತ್ತಾಳೆ, ಈ ಹುಡುಗಿ ಬರೆದದ್ದು ಎನ್ನುತ್ತಾಳೆ ಎಂದು ನಾನು ಕಾದೆ. ತಿರುಗಲಿಲ್ಲ. “ನನ್ ಬಾಯಿ ತೆಪ್ಪು. ನನ್ ಬಾಯಿ ತೆಪ್ಪು ಕಣ್ರಪ್ಪ,” ಎಂದು ನೆಲಕ್ಕೆ ಹಣೆ ಹಚ್ಚಿದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಒಂದಿಷ್ಟು ಹಿಂದೆ ಸರಿದು ಕೂತರು, ನಮ್ಮಿಬ್ಬರ ಸುತ್ತ ನೆಲ ಖಾಲಿಯಾಯಿತು.

ಮೂರು ಗಂಟೆಯ ಬಸ್ಸಿಗೆ ಶಿವಮಲ್ಲು ಬಂದರು. ಮೂವತ್ತರ ಆಸುಪಾಸು, ಉದ್ದನೆಯ ಆಳು, ಹೆಗಲ ಮೇಲೆ ಒದ್ದೆ ಟವೆಲ್ಲು. ಹೆಂಗಸರು ಅವರ ಕೈಕಾಲು ಮುಟ್ಟಿ ಮುಟ್ಟಿ ನೋಡಿದರು. ಅವರು ತೀರಿಕೊಂಡ ತಮ್ಮ ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತು, ಎದ್ದು ಮುಖ ಒರೆಸಿಕೊಂಡ ಮೇಲೆ ಯಾರೋ ಕಿವಿಯಲ್ಲಿ ಹೇಳಿದರು. ಅವರು ಖಾಲಿ ನೆಲ ದಾಟಿ ನಮ್ಮವ್ವನ ಮುಂದೆ ಬಂದು ನಿಂತರು.

“ಕರ್ದ್ಯಂತಲ್ಲವ್ವ ನನ್ನ. ಬಂದಿವ್ನಿ ನೋಡು. ಬುಡು, ಅಳ್ಬ್ಯಾಡ.”

ಅವ್ವ ಆಗ ಅಳುತ್ತಿದ್ದಳು. ಸಾವಿನ ಮನೆಯಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಮನೆಯ ಹೊಸ್ತಿಲು ಖಾಲಿಯಾಯಿತು. ಯಾರೂ ಎಲೆ ತರಲಿಲ್ಲ. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಇದನ್ನೇ. ಈಗ ಆ ಖಾಲಿ ಹೊಸ್ತಿಲನ್ನು ನೋಡದೆಯೇ ದಾಟುತ್ತಿದ್ದೆ. ಪಕ್ಕದ ಮನೆಯವರು ಮಕ್ಕಳನ್ನು ನಮ್ಮ ಜಗಲಿಯಿಂದ ಮೆಲ್ಲಗೆ ಕರೆದುಕೊಂಡು ಹೋಗುತ್ತಿದ್ದರು. ಬದುಕಿದ್ದವನನ್ನು ಹೋದವರ ಸಾಲಿಗೆ ಕರೆದ ಬಾಯಿ ಎಂದು ಹೆಸರಾಗಿತ್ತು. ಅವ್ವ ಮಾತನ್ನೇ ಕಡಿಮೆ ಮಾಡಿದಳು. ಉಪ್ಪು ಬೇಕಾದರೂ ಕೈಸನ್ನೆ. ಪುಸ್ತಕದ ವಿಷಯ ಅಪ್ಪನಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಇನ್ನೇನೋ ಬರುತ್ತಿತ್ತು, ಪೆನ್ಸಿಲ್ ಮುಗಿದಿದೆ ಎಂದೋ, ಹೊಟ್ಟೆ ನೋವು ಎಂದೋ. ಕಾನ್ವೆಂಟಿನ ಪ್ರಾರ್ಥನಾ ಮಂದಿರದಲ್ಲಿ ಮೇಣದ ಬತ್ತಿಗಳ ಮುಂದೆ ನಿಂತು, ಹೂಗ್ಯಂನ ಶಿವಮಲ್ಲು ಇರಲಿ, ಹೂಗ್ಯಂನ ಶಿವಮಲ್ಲು ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ದೇವರು ಊರಿನ ಹೆಸರು ಸರಿಯಾಗಿ ಕೇಳಿಸಿಕೊಳ್ಳಲಿ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಒಬ್ಬರ ಹೆಸರು ತಪ್ಪಾಗಿ ಹೇಳಿದರೆ ಅವರು ಸಾಯುತ್ತಾರಾ ಎಂದು ಸಿಸ್ಟರ್ ಅವರನ್ನು ಕೇಳಿದೆ. ಅವರು ನನ್ನ ಕೆನ್ನೆ ಸವರಿ, ಅದೆಲ್ಲ ಮೂಢನಂಬಿಕೆ ಮಗು, ಎಂದರು. ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ; ಅವರು ಸತ್ತೇಗಾಲದ ಆ ಚಪ್ಪರದ ಕೆಳಗೆ ಇರಲಿಲ್ಲವಲ್ಲ.

ಸುದ್ದಿ ಬಂದದ್ದು ಅಪ್ಪನ ಮೂಲಕ. ಹನೂರು ಕಡೆಯ ರೈತರು ರೇಷ್ಮೆಗೂಡು ತುಂಬಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಬರುತ್ತಿದ್ದರು. ಹೂಗ್ಯಂನವನೊಬ್ಬ ಹೇಳಿದ್ದನಂತೆ. ಅಪ್ಪ ಉಣ್ಣಲು ಕೂತವರು ತಟ್ಟೆಗೆ ಕೈ ಹಾಕದೆ, ಸುಕ್ಕುಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತ ಹೇಳಿದರು.

“ಆವಯ್ಯ ಮಲಗ್ಬುಟ್ಟವ್ನಂತೆ. ಜರ. ತಿಥಿಯಿಂದ ಬಂದೋನು ಎದ್ದೇ ಇಲ್ವಂತೆ. ಅನ್ನ ಇಳೀತಿಲ್ವಂತೆ.”

ಅವ್ವ ಎದ್ದಳು. ಅಟ್ಟಕ್ಕೆ ಏಣಿ ಹಾಕಿ ಬೀಜದ ಡಬ್ಬಿ ಇಳಿಸಿದಳು.

“ಎಲ್ಲಿಗೆ ಒಂಟೆ? ಬಡಿದಾಕ್ಬುಡ್ತಾರೆ ಕಣಮ್ಮಿ ನಿನ್ನ. ಬದುಕಿರೋನ ಬಾಗ್ಲಿಗೆ ನೀನು ಓಯ್ತೀಯಾ?”

“ಬಡೀಲಿ. ಕರ್ದೋಳು ನಾನು. ತಿರ್ಗಿಸ್ಬೇಕಾದೋಳೂ ನಾನೇಯ.”

ಮಾರನೆಯ ಬೆಳಿಗ್ಗೆ ಶಾಲೆಯ ಲಂಗದಲ್ಲೇ ನಾನು ಅವಳ ಹಿಂದೆ ಬಸ್ಸು ಹತ್ತಿದೆ. ಅವಳು ಬೇಡ ಎನ್ನಲಿಲ್ಲ. ಹನೂರು ದಾಟಿತು. ಗುಡ್ಡಗಳು ಹತ್ತಿರ ಬಂದವು. ಅವಳ ಸೆರಗಿನ ತುದಿಯಲ್ಲಿ ಬಟಾಣಿಯಷ್ಟು ಸಣ್ಣ ಗಂಟು ಇತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ತಡೆಯಲಾಗಲಿಲ್ಲ.

“ಅವ್ವ, ತಪ್ಪು ನಿಂದಲ್ಲ. ಜಾಗ ಇಲ್ಲ ಅಂತ ನಾನೇ ಎಡಗಡೆ ಬರ್ದೆ. ಬಾಣ ಹಾಕಿದ್ದೆ. ಓದುವಾಗ ಶೀಲಾಳ ಅಮ್ಮ ನೋಡ್ತಿದ್ರು ಅಂತ... ಬೇಗ ಓದ್ಬಿಟ್ಟೆ.”

ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. ಒಂದು ಸೇತುವೆ ಬಂತು, ಹೋಯಿತು.

“ಗೊತ್ತು ಕಣ್ ಕೂಸೇ.”

“ಗೊತ್ತಿತ್ತಾ?”

“ಸಿದ್ದಮ್ಮ ಯೋಳ್ದಾಗ ನನ್ ಕಿವೀನೂ ಅಲ್ಲೇ ಇತ್ತಲ್ಲ. ಬತ್ತಾವ್ನೆ ಅಂದ್ಲು. ನೀನು ಓದ್ದಾಗ ಸತ್ತೋರ ಜೊತೇಲಿ ಬಂತು. ಪುಸ್ತಕ್ದಲ್ಲಿ ಬರ್ದದೆ, ನನ್ ಕಿವೀನೇ ತೆಪ್ಪಿರ್ಬೇಕು ಅನ್ಕಂಡೆ.” ಸೆರಗಿನ ಗಂಟನ್ನು ಮುಟ್ಟಿಕೊಂಡು, “ನೀನು ಕೂಸು. ನಿಂದೇನು ತೆಪ್ಪು. ಇಷ್ಟು ವರ್ಸ ನಡ್ಸಿದ ಕಿವಿಯ ನಂಬ್ದೆ ಬುಟ್ನಲ್ಲ, ಅದು ನಂದು,” ಎಂದಳು.

ಶಿವಮಲ್ಲು ಅವರ ಮನೆ ಹೂಗ್ಯಂನಲ್ಲಿ ಕಾಡಿನ ಕಡೆಯ ಕೊನೆಯದು. ಬಾಗಿಲಲ್ಲಿ ಅವರ ಹೆಂಡತಿ, ತಮಿಳು ಮನೆಮಾತಿನ ಪಳನಿಯಮ್ಮ ರಾಗಿ ಕೇರುತ್ತಿದ್ದಳು. ಗಂಡನ ಜೊತೆ ಸತ್ತೇಗಾಲಕ್ಕೆ ಬಂದಿದ್ದವಳು, ನಮ್ಮನ್ನು ಗುರುತಿಸಿದ್ದೇ ತಡ, ಮೊರವನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಳು.

“ಉಳ್ಳೆ ವರಾದೇ! ಒಳಗೆ ಬರ್ಬ್ಯಾಡ! ಯಾರು ಕರ್ದ್ರು ನಿನ್ನ? ಇನ್ನೂ ಉಸ್ರದೆ ಅವ್ರಿಗೆ, ಓಗು ಆಚೆಗೆ!”

“ಒಳಿಕ್ಕೆ ಬರಲ್ಲ ತಾಯಿ. ಇಲ್ಲೇ ನಿಂತ್ಕತೀನಿ. ಇದ್ದೋರ ಪದ ಆಡ್ಬುಟ್ಟು ಓಯ್ತೀನಿ. ಅಷ್ಟೇಯ.”

“ಸತ್ತೋರ ಬಾಯಿ ನಂದು. ನಮ್ಮನೇಲಿ ಬ್ಯಾಡ.” ಸಿಟ್ಟಿನಲ್ಲಿ ಅವಳಿಗೆ ‘ನಿಂದು’ ಎನ್ನುವುದಕ್ಕೆ ‘ನಂದು’ ಎಂದು ಬಂತು. ಅದನ್ನು ಅವಳು ತಿದ್ದಿಕೊಳ್ಳಲಿಲ್ಲ.

ಒಳಗಿನ ಕತ್ತಲೆಯಿಂದ ಕ್ಷೀಣವಾದ ದನಿಯೊಂದು ಬಂತು. “ಆಡ್ಲಿ ಬುಡಮ್ಮಿ. ಅವತ್ತು ಅರ್ಧಕ್ಕೇ ನಿಂತೋಯ್ತಲ್ಲ.”

ಪಳನಿಯಮ್ಮ ಮೊರ ಇಳಿಸಿದಳು. ಅವ್ವ ಅಂಗಳದಲ್ಲಿ, ಹೊಸ್ತಿಲಿಗೆ ಎದುರಾಗಿ ನಿಂತಳು. ನೆತ್ತಿಯ ಮೇಲೆ ಬಿಸಿಲು. ಹೆಣವಿಲ್ಲ, ಚಪ್ಪರವಿಲ್ಲ, ಅಳುವವರಿಲ್ಲ. ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಎರಡು ಅವರೆಕಾಳು. ಒಂದು ಯಾಕಲ್ಲ, ಎರಡು ಯಾಕೆ ಎಂದು ನಾನು ಯೋಚಿಸುತ್ತಿದ್ದೆ. ಅವಳ ದನಿ ಮೇಲೆದ್ದಿತು.

ಇದ್ದೋರೆ ಇರಿರಯ್ಯ ದೀಪದ ಎಣ್ಣೆಯಾಗಿ
ಉಂಡುಟ್ಟು ಇರಿರಯ್ಯ ಮನೆಯೆಲ್ಲ ತುಂಬಿ
ಇದ್ದೋರ ಸಾಲಲ್ಲಿ ಶಿವಮಲ್ಲು ಅವ್ನೆ
ಅವನ ಮಗ್ಗುಲಲ್ಲಿ ನನ್ನ ಜಯಲಕ್ಷ್ಮಿ

ನನ್ನ ಹೆಸರು. ಹನ್ನೊಂದು ವರ್ಷ ಒಮ್ಮೆಯೂ ಬಾರದ ಹೆಸರು ಆ ಬಾಯಿಂದ, ಆ ದನಿಯಲ್ಲಿ ಬಂತು. ಅದೆಷ್ಟು ಚೆನ್ನಾಗಿ ಕೇಳಿಸಿತು ಎಂದು ಈಗ ಅನಿಸುತ್ತದೆ. ಆಗ ಅನಿಸಿದ್ದು ಭಯ ಒಂದೇ. ಇದ್ದರೆ ಇಬ್ಬರೂ ಇರಲಿ ಎಂದು ಅವಳು ಹಾಡಿದಳು. ಅದರ ಮುಂದಿನ ಸಾಲನ್ನು ಹಾಡಲಿಲ್ಲ. ಹಾಡದ ಸಾಲು ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು. ಪಳನಿಯಮ್ಮ ಮೊರ ಎಸೆದು ಓಡಿ ಬಂದು ನನ್ನನ್ನು ತಬ್ಬಿ ಹಿಡಿದುಕೊಂಡಳು, ಯಾರೋ ನನ್ನನ್ನು ಎಳೆದುಕೊಂಡು ಹೋಗುತ್ತಾರೆ ಎನ್ನುವ ಹಾಗೆ. ಅವಳ ಸೀರೆಯಿಂದ ರಾಗಿ ಹೊಟ್ಟು ನನ್ನ ಮೂಗಿಗೆ ಹೋಯಿತು.

“ಏಯ್, ನಿಂಗೆ ಬುದ್ಧಿ ಅದಾ? ಎತ್ತ ಕೂಸ ಯಾಕ್ ಸೇರ್ಸ್ದೆ ಇದ್ರಲ್ಲಿ?”

“ಆವಯ್ಯನ್ನ ಒಬ್ನೇ ಎಂಗೆ ನಿಲ್ಸಲಿ ತಾಯಿ? ನನ್ ಬಾಯಿಂದ ಬಿದ್ದೋನು. ಜೊತೇಲಿ ನನ್ನದೂ ಒಂದು ನಿಂತ್ಕಳ್ಳಿ.”

ಎರಡು ಕಾಳನ್ನೂ ಅವಳು ನೆಲಕ್ಕೆ ಬಿಡಲಿಲ್ಲ. ಮತ್ತೆ ಒಟ್ಟಿಗೆ ಗಂಟು ಹಾಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಪಳನಿಯಮ್ಮ ನಮ್ಮಿಬ್ಬರಿಗೂ ಒಳಗಿನಿಂದ ನೀರು ತಂದು ಕೊಟ್ಟಳು. ಹಾಡಲು ಹೋದ ಮನೆಯಲ್ಲಿ ಅವ್ವ ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪನಿಗೆ ವಿಷಯ ಗೊತ್ತಾಯಿತು. ಮಾರನೆಯ ದಿನದಿಂದ ಕೆಲಸಕ್ಕೆ ಹೋಗುವ ಮುನ್ನ ನನ್ನ ಹಾಸಿಗೆಯ ಪಕ್ಕ ಕೂತು, ಆ ಸುಕ್ಕು ಬೆರಳುಗಳನ್ನು ನನ್ನ ಹಣೆಯ ಮೇಲಿಟ್ಟು ನೋಡಿ ಹೋಗುತ್ತಿದ್ದರು. ಸಂಜೆ ಮಾರುಕಟ್ಟೆಗೆ ಹೋಗಿ ಹೂಗ್ಯಂ ಕಡೆಯವರನ್ನು ಹುಡುಕುತ್ತಿದ್ದರು. ಗಂಜಿ ಇಳೀತಂತೆ ಎಂದರು ಒಂದು ದಿನ. ಎದ್ದು ಕುಂತವ್ನಂತೆ ಎಂದರು ಇನ್ನೊಂದು ದಿನ. ಆ ವಾರವೇ ನನಗೆ ನೆಗಡಿಯಾಗಿ ಮೈ ಬಿಸಿಯಾದಾಗ ಇಬ್ಬರೂ ಸರದಿಯಲ್ಲಿ ನನ್ನ ಪಕ್ಕ ಕೂತರು. ನಾನು ಸೀನಿದರೆ ಹೂಗ್ಯಂನ ಸುದ್ದಿ ಕೇಳುವುದು, ಹೂಗ್ಯಂನಿಂದ ಸುದ್ದಿ ತಡವಾದರೆ ನನ್ನ ಹಣೆ ಮುಟ್ಟುವುದು. ನಮ್ಮ ಮನೆ ನಡೆದದ್ದೇ ಹಾಗೆ.

ಎರಡು ತಿಂಗಳ ಮೇಲೆ ಶಿವಮಲ್ಲು ತಾವೇ ಗೂಡು ಹೊತ್ತು ಬಂದು ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬಂದು ಚಾಪೆಯ ಮೇಲೆ ಕೂತರು. ಮೊದಲ ಮಾತು ನನ್ನೊಂದಿಗೆ.

“ಎಂಗಿದ್ದೀಯೆ ಕೂಸೇ?”

“ಚೆನ್ನಾಗಿದ್ದೀನಿ ಮಾಮ.”

“ಅಂಗಾರೆ ನಾನೂ ಚೆಂದಾಗಿವ್ನಿ ಬುಡು.”

ಅವ್ವ ಅಡುಗೆಮನೆಯಲ್ಲಿ ಬೆನ್ನು ಮಾಡಿಕೊಂಡು ನಕ್ಕದ್ದು ಅವಳ ಹೆಗಲಿನಿಂದ ಗೊತ್ತಾಯಿತು. ಅವರು ನಮ್ಮ ಮನೆಯಲ್ಲಿ ಉಂಡು ಹೋದ ಸುದ್ದಿ ಹಬ್ಬಿದ ಮೇಲೆ ಹೊಸ್ತಿಲಲ್ಲಿ ಮತ್ತೆ ಎಲೆ ಕಾಣಿಸಿತು. ಅವ್ವ ಬೀಜದ ಗಂಟಿಗೇ ಮರಳಿದಳು. ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ನಾನು ಲೆಕ್ಕ ಮಾಡಿದೆ. ರಜೆಯ ದಿನ ಅವಳ ಜೊತೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಬಸ್ಸಿನಲ್ಲಿ ಯಾರೇ ತಿರುಗಿ ನೋಡಿದರೂ ಡಬ್ಬಿಯನ್ನು ಮಡಿಲ ಮೇಲೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದೆ. ಆ ಎರಡು ಕಾಳನ್ನು ಅವ್ವ ಹಳೆಯ ರವಿಕೆಯ ಚೂರಿನಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟಳು. ಒಣಕಾಳನ್ನು ಹುಳು ಬಿಡುವುದಿಲ್ಲ. ಹಾಗಾಗಿ ಪ್ರತಿ ವರ್ಷ ಅವರೆಯ ಕಾಲದಲ್ಲಿ, ಹೊಸ ಫಸಲಿನಿಂದ ತೂತಿಲ್ಲದ ಎರಡು ಕಾಳು ಆರಿಸಿ, ಒಣಗಿಸಿ ಬದಲಿಸುತ್ತಿದ್ದಳು. ನನ್ನ ಮದುವೆಯಾದ ವರ್ಷವೂ, ನಾನು ಹೆತ್ತ ವರ್ಷವೂ. ಅವಳು ತೀರಿಕೊಂಡಾಗ ಅವಳಿಗೆ ಹಾಡುವವರು ಯಾರೂ ಉಳಿದಿರಲಿಲ್ಲ. ಮುದುಕರಾಗಿದ್ದ ಶಿವಮಲ್ಲು ಮಾಮ ಎದ್ದು ನಿಂತು, ರಾಗವಿಲ್ಲದೆ, ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಅವಳ ಕಡೆಯ ಹೋದವರನ್ನೆಲ್ಲ ಕರೆದರು. ಬೀಜ ಬಿಟ್ಟವಳು ನಾನು. ಅಂದಿನಿಂದ ಆ ರವಿಕೆಯ ಚೂರು ನನ್ನ ಹತ್ತಿರ ಇದೆ. ಕಾಳು ಬದಲಿಸುವ ಕೆಲಸವೂ ನನ್ನದೇ.

ಈ ವರ್ಷ ಹೊಸ ಕಾಳು ಇನ್ನೂ ಮೊರದಲ್ಲಿ ಒಣಗುತ್ತಿತ್ತು. ಫೋನು ಬಂತು. ಹೂಗ್ಯಂನಿಂದ ಅವರ ಮೊಮ್ಮಗಳು. “ತಾತ ಓಗ್ಬುಟ್ರು ಅತ್ತೆ. ಬೆಳಗ್ಗೆ ಕಾಫಿ ಕುಡುದ್ರು, ಅಂಗೇ ಕುಂತಂಗೇ...” ಎಂಬತ್ತು ದಾಟಿದ ಜೀವ, ನೋವಿಲ್ಲದೆ ಹೋಗಿತ್ತು. ಅಳು ಬರುವ ಮೊದಲು ನನ್ನ ಕೈ ನನ್ನ ಎದೆಯ ಮೇಲೆ ಹೋಯಿತು ಎನ್ನುವುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬಡಿಯುತ್ತಿದೆಯೇ ಎಂದು ನೋಡಿಕೊಂಡೆ. ಒಲೆಯ ಮೇಲಿನ ಸಾರು ಮುಚ್ಚಿದೆ, ಅನ್ನ ಮುಚ್ಚಿದೆ. ದೇವರ ಗೂಡಿನಿಂದ ಗಂಟು ತೆಗೆದು ಬಿಚ್ಚಿದೆ. ಒಂದು ಕಾಳನ್ನು ತೆಗೆದು ಸೆರಗಿಗೆ ಕಟ್ಟಿಕೊಂಡೆ, ಹೂಗ್ಯಂನ ನೆಲಕ್ಕೆ ಬಿಡಲು. ಆ ಜಾಗಕ್ಕೆ ಒಂದು ಹುಣಸೆ ಬೀಜ ಇಟ್ಟೆ. ಉಳಿದ ಕಾಳು ಅದರ ಪಕ್ಕದಲ್ಲಿ ತೀರಾ ಚಿಕ್ಕದಾಗಿ ಕಂಡಿತು. ಎಡಗೈಯನ್ನು ಕಿವಿಗೆ ಆನಿಸಿಕೊಂಡೆ. ಹಾಡು ನನಗೆ ಬರುವುದಿಲ್ಲ. ಉಳಿದ ಆ ಕಾಳನ್ನು ಬೆರಳಲ್ಲಿ ತಿಕ್ಕಿ, ಅವ್ವ ಒಂದೇ ಸಲ ಹೇಳಿದ್ದ ಏರಿಕೆ ನೆನೆಸಿಕೊಂಡು, ಜಯಲಕ್ಷ್ಮಿ, ಎಂದೆ. ಮೂರು ಸಲ ಹೇಳಿದೆ.

ಒಳಕೋಣೆಯಿಂದ ಮಗಳು ಕೂಗಿದಳು. “ಅಮ್ಮಾ, ಯಾರನ್ನ ಕರೀತಿದ್ದೀಯ?”

“ಇದ್ದೋರನ್ನ,” ಎಂದು ಗಂಟು ಬಿಗಿದೆ.